ಶಾಲೆ ಗೇಟಿಗೆ ಪೊಲೀಸ್ ಬೇಕು: ಅರ್ಜಿಗೆ ಸಹಿ ಹಾಕಿ

ಮನೆ ನಂ. 14: ನಿನ್ನೆ ಸಂಜೆ ಶಾಲೆ ಬಿಟ್ಟಾಗ ಮತ್ತೆ ಅದೇ ಬೈಕ್ ಹುಡುಗರು. ಎಂಟನೇ ಕ್ಲಾಸಿನ ನನ್ನ ಮಗಳ ಬ್ಯಾಗ್ ಹಿಡಿದು ಎಳೆದರು. ಇವತ್ತು ಶಾಲೆಗೆ ಹೋಗಲ್ಲ ಎಂದು ಕೂತಿದ್ದಾಳೆ. ರಾಯಚೂರಿನಲ್ಲಿ ಇಷ್ಟು ಪೊಲೀಸರಿದ್ದಾರೆ, ಶಾಲೆಗೆ ಒಬ್ಬರನ್ನು ಕಾಯಂ ಕೊಡಲಿ. ಯಾರು ಸಹಿ ಹಾಕುತ್ತೀರಿ?

2ನೇ ಕ್ರಾಸ್ ತಮ್ಮ: ಅಕ್ಕಾ, ಮೊದಲ ಸಹಿ ನನ್ನದು. ಅಮೆರಿಕದ ಟೆಕ್ಸಾಸ್‌ನಲ್ಲಿ ಪ್ರತಿ ಶಾಲೆಗೂ ಬಂದೂಕು ಇರುವ ಕಾವಲು ಅಧಿಕಾರಿ ಬೇಕು ಎಂದು 2023ರಲ್ಲಿ ಕಾನೂನೇ ಮಾಡಿದ್ದಾರೆ.

ನಿವೃತ್ತ ಮೇಷ್ಟ್ರು: ತಮ್ಮಾ, ಅದರ ಹಿಂದಿನ ವರ್ಷ ಅದೇ ರಾಜ್ಯದ ಉವಾಲ್ಡೆ ಊರಿನ ಶಾಲೆಯಲ್ಲಿ 19 ಮಕ್ಕಳು, 2 ಶಿಕ್ಷಕಿಯರು ಗುಂಡಿಗೆ ಬಲಿಯಾದರು. ಪೊಲೀಸರು ನೂರಾರು ಜನ ಬಂದಿದ್ದರು. ಆದರೂ ಬಂದೂಕುಧಾರಿ ಇದ್ದ ತರಗತಿಯೊಳಗೆ ನುಗ್ಗಲು 77 ನಿಮಿಷ ಆಯಿತು. ನಮ್ಮ ತೊಂದರೆಯೇ ಬೇರೆ, ಶಾಲೆ ಬಿಡುವ ಅರ್ಧ ತಾಸಿನದು. ನಾನು 32 ವರ್ಷ ಪಾಠ ಮಾಡಿದ್ದೇನೆ. ದಿನವಿಡೀ ಖಾಕಿ ಅಂಗಳದಲ್ಲಿದ್ದರೆ ಪೆನ್ನು ಕದ್ದ ಹುಡುಗನ ವಿಷಯವೂ ಠಾಣೆಗೆ ಹೋಗುತ್ತದೆ. ಅದು ಮೇಷ್ಟ್ರ ಕೆಲಸ, ಪೊಲೀಸರದ್ದಲ್ಲ. ಬೆಳಿಗ್ಗೆ ಮತ್ತು ಸಂಜೆ ಬೀಟ್ (ಪೊಲೀಸ್ ಗಸ್ತು) ಹಾಕಿ ಎಂದು ಕೇಳೋಣ.

ಮನೆ ನಂ. 14: ಸರ್, ಬೀಟ್ ಬರುವುದು ಯಾವಾಗಲೋ. ನಾಳೆ ಮಗಳಿಗೆ ಏನು ಹೇಳಲಿ?

3ನೇ ಕ್ರಾಸ್ ವಕೀಲರು: ಅಕ್ಕ, ಬ್ಯಾಗ್ ಎಳೆದದ್ದಕ್ಕೆ ದೂರು ಕೊಡಿ, ಸುಮ್ನೆ ಬಿಡಬೇಡಿ. ಬಾಲನ್ಯಾಯ ಕಾಯ್ದೆ ಪ್ರಕಾರ ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಮಗಳ ಹತ್ತಿರ ಮಾತಾಡಲು ಮಫ್ತಿಯಲ್ಲೇ ಬರಲಿ ಎಂದು ಕೇಳಿ. ತುರ್ತಿದ್ದರೆ 112, ಮಕ್ಕಳಿಗೆ 1098.

ಇನ್ನೊಂದು ಮಾತು. ಆ ಹುಡುಗರು ನಿಲ್ಲುವುದು ಪಾನ್ ಡಬ್ಬಿ ಮುಂದೆ, ಅಲ್ವಾ? 2003ರ ತಂಬಾಕು ಕಾಯ್ದೆ ಪ್ರಕಾರ ನಮ್ಮ ರಾಜ್ಯದಲ್ಲಿ ಈಗ ಶಾಲೆಯಿಂದ 100 ಮೀಟರ್ ಒಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರುವಂತಿಲ್ಲ. ನಿನ್ನೆ ನಾನೇ ನಡೆದು ನೋಡಿದೆ. ಕಾಂಪೌಂಡಿನಿಂದ ಬರೀ 40 ಹೆಜ್ಜೆ! ಅರ್ಜಿಯಲ್ಲಿ ಇದನ್ನೇ ಮೊದಲು ಬರೆಯಿರಿ. ಡಬ್ಬಿ ಹೋದರೆ ನಿಲ್ಲುವ ನೆಪವೂ ಹೋಗುತ್ತದೆ.

2ನೇ ಕ್ರಾಸ್ ತಮ್ಮ: ಸರಿ. ಕಾಯಂ ಪೊಲೀಸ್ ಎನ್ನುವುದನ್ನು ತೆಗೆದು ಬೀಟ್, ಪಾನ್ ಡಬ್ಬಿ ಎರಡನ್ನೂ ಬರೆಯುತ್ತೇನೆ. ಗುರುವಾರ 10 ಗಂಟೆಗೆ ಠಾಣೆಗೆ ಹೋಗೋಣ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರೂ ಬರಲಿ, ಹೆಡ್ ಮಾಸ್ತರರ ಸಹಿಯೂ ಬೇಕು.

ಮನೆ ನಂ. 14: ಮಗಳನ್ನು ಕೇಳಿದೆ. "ಪೊಲೀಸ್ ಬೇಡಮ್ಮ, ನೀನೇ ಗೇಟ್ ಹತ್ತಿರ ನಿಲ್ಲು" ಎಂದಳು. ನಾಳೆಯಿಂದ ಸಂಜೆ ನಾಲ್ಕಕ್ಕೇ ಹೋಗುತ್ತೇನೆ. ಒಬ್ಬಳೇ ಆಗುವುದಿಲ್ಲ. ಇನ್ನಿಬ್ಬರು ಬನ್ನಿ.

5ನೇ ಕ್ರಾಸ್ ಅಮ್ಮ: ನಾನು ಸೋಮವಾರ, ಬುಧವಾರ ಬರುತ್ತೇನೆ.

ನಿವೃತ್ತ ಮೇಷ್ಟ್ರು: ಉಳಿದ ದಿನ ನಾನು.