ಸಹಾಯ ಬೇಕು: ರಕ್ತದ ಪ್ಲಾಸ್ಮಾದಿಂದ ನಾರ್ಟ್ರಿಪ್ಟಿಲಿನ್ (ಖಿನ್ನತೆಯ ಔಷಧ) ಹೊರತೆಗೆಯುವಾಗ ಕರೆಂಟ್ ಏರುತ್ತಿದೆ

ನಮಸ್ಕಾರ. ವಿದ್ಯುತ್ ಕ್ಷೇತ್ರದ ನೆರವಿನಿಂದ ದ್ರವಪೊರೆಯ ಮೂಲಕ ಔಷಧವನ್ನು ಸೆಳೆಯುವ ವಿಧಾನದಲ್ಲಿ ಕೈ ಪಳಗಿದವರು ದಯವಿಟ್ಟು ನೋಡಿ. ಪಾಲಿಪ್ರೊಪಿಲೀನಿನ ಟೊಳ್ಳು ಎಳೆ, ಅದರ ಗೋಡೆಯ ರಂಧ್ರಗಳಲ್ಲಿ ದ್ರವಪೊರೆಯಾಗಿ ನೈಟ್ರೋಫೀನೈಲ್ ಆಕ್ಟೈಲ್ ಈಥರ್ ಎಂಬ ನೀರಿನಲ್ಲಿ ಬೆರೆಯದ ದ್ರಾವಕ, ಎಳೆಯ ಒಳಗೆ 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ. ಋಣ ವಿದ್ಯುದ್ವಾರವೂ ಅಲ್ಲೇ. 2006ರಲ್ಲಿ ನಾರ್ವೆಯವರು ಪ್ರಕಟಿಸಿದ ಮೂಲ ಜೋಡಣೆಯೇ ಇದು. ಆಮ್ಲ ಬೆರೆಸಿದ ನೀರಿನಿಂದ ನಾರ್ಟ್ರಿಪ್ಟಿಲಿನ್ ಸಲೀಸಾಗಿ ದಾಟುತ್ತದೆ. ಪ್ಲಾಸ್ಮಾ ಹಾಕಿದೊಡನೆ ಕರೆಂಟ್ ಏರುತ್ತದೆ, ಗುಳ್ಳೆಗಳು ಏಳುತ್ತವೆ, ಇಳುವರಿ ಕುಸಿಯುತ್ತದೆ. ಔಷಧ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಇಳುವರಿ ತಗ್ಗಬಹುದು, ಒಪ್ಪುತ್ತೇನೆ. ಕರೆಂಟ್ ಏರುವುದು ಏಕೆ? ಪೊರೆಯೇ ಸೋರುತ್ತಿದೆಯೆಂದು ನನ್ನ ಗುಮಾನಿ. ವೋಲ್ಟೇಜ್ ತಗ್ಗಿಸಲೇ, ಮಾದರಿಯನ್ನು ಇನ್ನಷ್ಟು ತೆಳುಗೊಳಿಸಲೇ, ಚಪ್ಪಟೆ ಪೊರೆಗೆ ಹೋಗಲೇ? ಪ್ರೋಟೀನನ್ನು ಮೊದಲೇ ತೆಗೆದುಬಿಡಿ ಎಂದು ಮಾತ್ರ ಹೇಳಬೇಡಿ. ಆ ಹಂತ ತಪ್ಪಿಸಲೆಂದೇ ಈ ದಾರಿ ಹಿಡಿದಿರುವುದು. ಸ್ಥಿರ ಕರೆಂಟಿನಲ್ಲಿ ನಡೆಸಿದವರಿದ್ದರೆ ಅವರ ಅನುಭವವೂ ಬೇಕು.