ಪದಚರ್ಚೆ: ‘ಮುಖವಾಡ’ದಲ್ಲಿ ಮೋಸವಿಲ್ಲದ ಅರ್ಥ ಇದೆಯೇ?

ಬಲ್ಲವರಿಗೆ ನಮಸ್ಕಾರ.

ಬಹಳ ದಿನಗಳಿಂದ ಒಂದು ಪದಕ್ಕೆ ತಡಕಾಡುತ್ತಿದ್ದೇನೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಹಾಸಿಗೆಯವರು ತೀರಿಕೊಂಡರು. ಅರ್ಧ ಗಂಟೆಯಲ್ಲಿ ಅದೇ ಸಿಸ್ಟರ್ ನಮ್ಮ ಕಡೆ ಬಂದು, ಮಾಸ್ಕನ್ನು ಗದ್ದಕ್ಕೆ ಇಳಿಸಿ, “ಹೇಗಿದ್ದೀರಮ್ಮಾ?” ಎಂದು ನಕ್ಕರು. ತುಟಿಯಂಚು ಮೇಲೇರಿತು, ಕಣ್ಣಂಚಿನಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಮಾಸ್ಕ್ ಮತ್ತೆ ಮೇಲೇರಿತು. ಆಗ ಕಂಡದ್ದು ಅತ್ತು ಕೆಂಪಾದ ಕಣ್ಣುಗಳು ಮಾತ್ರ.

ತುಟಿ ಹೇಳಿದಂತೆ ಕೇಳುತ್ತದೆ, ಕಣ್ಣಿನ ಸುತ್ತಲ ಸ್ನಾಯು ಅಷ್ಟು ಸುಲಭಕ್ಕೆ ಕೇಳುವುದಿಲ್ಲ. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಇದನ್ನು ಗುರುತಿಸಿದ್ದರು. ಆ ನಗುವನ್ನು ಬರೆದಿಡಲು ಕೂತಾಗ ನನಗೆ ಪದವೇ ಸಿಗಲಿಲ್ಲ. ಹುಸಿನಗೆ, ತೋರಿಕೆಯ ನಗು, ಸೋಗು, ಮುಖವಾಡ: ಎಲ್ಲದರಲ್ಲೂ ಆರೋಪವಿದೆ. ‘ಅವನ ಮುಖವಾಡ ಕಳಚಿತು’ ಎಂದರೆ ಬಣ್ಣ ಬಯಲಾಯಿತು ಎಂದೇ ಅರ್ಥ. ಪೆಚ್ಚುನಗೆಯಲ್ಲಿ ಮೋಸವಿಲ್ಲ ನಿಜ, ಆದರೆ ಅದು ಮುಜುಗರದ್ದು. ಆ ಸಿಸ್ಟರ್ ನಕ್ಕಿದ್ದು ನನ್ನ ಅಮ್ಮ ಹೆದರದಿರಲಿ ಎಂದು. ಅದನ್ನು ಹುಸಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕ್ರಿಯಾಪದಗಳಿಗೆ ಕೊರತೆಯಿಲ್ಲ. ‘ದುಃಖ ನುಂಗಿಕೊಂಡು ನಕ್ಕರು’, ‘ತೋರಗೊಡಲಿಲ್ಲ’ ಎನ್ನುತ್ತೇವೆ. ಮುಖ ಅರಳುವುದು, ಬಾಡುವುದು, ಕಪ್ಪಿಡುವುದು, ಗಂಟಿಕ್ಕುವುದು, ಸಿಂಡರಿಸುವುದು, ಇಷ್ಟೊಂದು ಬಗೆಯಲ್ಲಿ ಮುಖವನ್ನು ಓದುವ ಭಾಷೆಯಲ್ಲಿ ಇದಕ್ಕೊಂದು ನಾಮಪದವೂ ಇರಬೇಕು ಅನ್ನಿಸುತ್ತದೆ.

2020ರಲ್ಲಿ ಮಾಸ್ಕಿಗೆ ಪತ್ರಿಕೆಗಳು ‘ಮುಖಗವಸು’ ಎಂದು ಬರೆದವು, ‘ಮುಖವಾಡ’ ಎನ್ನಲು ಹಿಂಜರಿದವು. ಆ ಹಿಂಜರಿಕೆ ಸರಿಯಾದದ್ದೇ. ಮುಖವಾಡ ಇನ್ನೊಂದು ಮುಖವನ್ನು ತಂದಿಡುತ್ತದೆ. ಗವಸು ಬರೀ ಮುಚ್ಚುತ್ತದೆ, ಕಾಯುತ್ತದೆ. ಕೈಗವಸು ಹಾಕಿಕೊಂಡವರನ್ನು ಯಾರೂ ಕಪಟಿ ಎನ್ನುವುದಿಲ್ಲ. ಹಾಗಾದರೆ ‘ನಗೆಗವಸು’ ಎನ್ನಬಹುದೇ? ‘ಆಕೆ ನಗೆಗವಸು ತೊಟ್ಟು ಒಳಬಂದರು’ ಎಂಬ ವಾಕ್ಯ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಎರಡು ‘ಗ’ಕಾರ ಸೇರಿ ನನಗೆ ಸ್ವಲ್ಪ ತೊಡಕೆನಿಸುತ್ತದೆ.

ಹೊಸದನ್ನು ಕಟ್ಟುವ ಮೊದಲು ಇದ್ದದ್ದನ್ನು ಹುಡುಕುವುದು ಮೇಲು. ನಿಮ್ಮ ಮನೆಮಾತಿನಲ್ಲಿ, ಹಿರಿಯರ ಬಾಯಲ್ಲಿ, ಇಂಥ ನಗುವಿಗೆ ಪದ ಕೇಳಿದ್ದೀರಾ? ಬಳಸಿದ ವಾಕ್ಯದ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.