ಪದಚರ್ಚೆ: ಕಾವಿಗೆ ಇಡು, ಮರಿಯಾಗು, ಸಾಕು… ಮೂರು ಬಾಗಿಲಿಗೆ ಮೂರು ಪದ ಬೇಕು

ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ಕೋಳಿಮರಿ ಮಾಡುವ ಘಟಕವೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ಮೂರು ಬಾಗಿಲಿಗೆ ಬೋರ್ಡು ಬೇಕಂತೆ. ಬರೆಯುವವರು ನಾಳೆ ಬರುತ್ತಾರೆ.

ಮೊದಲ ಕೋಣೆ ಸೆಟ್ಟರ್. ಮೊಟ್ಟೆ 18 ದಿನ ಇಲ್ಲಿರುತ್ತೆ, ಸುಮಾರು 37.5 ಡಿಗ್ರಿ ಬಿಸಿಯಲ್ಲಿ. ಆಗಾಗ ಹೊರಳಿಸುತ್ತಾ ಇರಬೇಕು. ಎರಡನೆಯದು ಹ್ಯಾಚರ್. ಉಳಿದ 3 ದಿನ ಇಲ್ಲಿ, ಹೊರಳಿಸುವುದು ಬಂದ್. ಮರಿ ಒಳಗಿನಿಂದ ಚಿಪ್ಪು ಕುಕ್ಕಿ ಹೊರಗೆ ಬರುವುದು ಇಲ್ಲೇ. ಮೂರನೆಯದು ಬ್ರೂಡರ್. ಮೈಮೇಲೆ ಪುಕ್ಕ ಬಲಿಯುವ ತನಕ ಮರಿಗಳನ್ನು ಬೆಚ್ಚಗಿಟ್ಟು ನೋಡಿಕೊಳ್ಳುವ ಜಾಗ.

ನನಗೆ ಮೊದಲನೆಯದಕ್ಕೂ ಮೂರನೆಯದಕ್ಕೂ 'ಕಾವು ಕೊಡು' ಅಂತಲೇ ಬರುತ್ತಿದೆ. ನಡುವಿನದಕ್ಕೆ 'ಮೊಟ್ಟೆ ಒಡೆಯುವ ಕೋಣೆ' ಅಂತ ಬರೆದೆ. ಓದಿದವರು ಆಮ್ಲೆಟ್ ಎಷ್ಟು ಹೊತ್ತಿಗೆ ಅಂತ ಕೇಳಿದರು. ಇನ್ನೊಂದು, ಕೈಪಿಡಿಯ ಮುನ್ನುಡಿಯಲ್ಲಿ 'ಮರಿ ಮಾಡಿ ಸಾಕಿ ದೊಡ್ಡದು ಮಾಡು' ಎನ್ನುವ ಅಷ್ಟಕ್ಕೂ ಸೇರಿಸಿ ಒಂದೇ ಕ್ರಿಯಾಪದ ಇದ್ದರೆ ಒಳ್ಳೆಯದು. ಇದೆಯಾ?

ಉತ್ತರ 1

ಪೊರೆ. ಅಚ್ಚಗನ್ನಡ. ಕಾಪಾಡು, ಸಾಕು, ಬೆಳೆಸು ಎಲ್ಲಾ ಅದರೊಳಗೇ ಇದೆ. ಮೂರನೇ ಬಾಗಿಲಿಗೆ 'ಪೊರೆಮನೆ' ಅಂತ ಬರೆಸಿ. ಪೋಷಣೆ, ಪಾಲನೆ ಇವೆಲ್ಲ ಹೊರಗಿನ ಸರಕು, ದಯವಿಟ್ಟು ಬೇಡ. ನಮ್ಮ ಅನುವಾದಕರಿಗೆ ಈ ಚಾಳಿ ಜಾಸ್ತಿ ಆಗಿದೆ.

ಉತ್ತರ 2

'ಪೊರೆಮನೆ' ಅಂತ ಬೋರ್ಡು ಹಾಕಿದರೆ ಕಣ್ಣಿನ ಪೊರೆ ತೆಗೆಸಿಕೊಳ್ಳುವವರು ಸಾಲು ನಿಲ್ಲುತ್ತಾರೆ. ಇಲ್ಲಾಂದ್ರೆ ಹಾವಿನ ಪೊರೆ ನೆನಪಾಗುತ್ತೆ. ಕ್ರಿಯಾಪದವಾಗಿ ಪೊರೆ ಈಗ ಪದ್ಯದಲ್ಲಿ, ಪ್ರಾರ್ಥನೆಯಲ್ಲಿ ಮಾತ್ರ ಬದುಕಿದೆ. 'ಪೊರೆಯೋ ದೇವ' ಸರಿ, 'ಕೋಳಿ ಪೊರೆದೆ' ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ?

ಅಚ್ಚಗನ್ನಡವೇ ಬೇಕಿದ್ದರೆ ಪಾಲ್ ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ಪೊರೆ ಕೂಡ ಹೊರೆ ಆಗಿದೆ. ಅದು ಇವತ್ತಿಗೂ ಜನರ ಬಾಯಲ್ಲಿದೆ: 'ಹೊಟ್ಟೆ ಹೊರೆಯೋಕೆ ಊರು ಬಿಟ್ಟ'. ಅದನ್ನು ತಲೆಹೊರೆಯ ಹೊರೆ ಅಂದುಕೊಂಡವರೇ ಹೆಚ್ಚು. ಹೊಟ್ಟೆಯನ್ನು ಹೊತ್ತುಕೊಂಡು ಹೋಗುವುದಲ್ಲ, ಹೊಟ್ಟೆಯನ್ನು ಸಾಕುವುದು.

ಅಂದಹಾಗೆ, ನಿಮ್ಮ 'ಜಾಸ್ತಿ' ಅರಬ್ಬಿ ಕಡೆಯಿಂದ ಬಂದದ್ದು. ಆ ಚಾಳಿ ಬರೀ ಅನುವಾದಕರಿಗಲ್ಲ.

ಉತ್ತರ 3

ಬೋರ್ಡಿನ ವಿಷಯ ಆಮೇಲೆ. ಮೂಲವನ್ನೇ ಯಾರೂ ನೋಡುತ್ತಿಲ್ಲ. ಕಾವು ಕೂರುವುದರಲ್ಲಿರುವ 'ಕಾವು' ಬಿಸಿಯಲ್ಲ, ಕಾಯುವುದು. ಕಾವಲು, ಕಾಪು, 'ಕೊಲ್ಲುವವನಿಗಿಂತ ಕಾಯುವವನು ದೊಡ್ಡವನು' ಇವುಗಳ ಕಾಯ್. ಕೋಳಿ ಮೊಟ್ಟೆಯನ್ನು ಕಾಯುತ್ತಾ ಕೂತಿರುತ್ತೆ, ಅಷ್ಟೇ. ತಮಿಳಿನಲ್ಲಿ ಇದಕ್ಕೆ 'ಅಡೈಕಾ' ಅಂತಾರೆ. ಅಲ್ಲಿರುವ 'ಕಾ' ಕಾಪಾಡುವ ಕಾ. ಹಾಗಾಗಿ ಯಂತ್ರಕ್ಕೆ 'ಕಾವು' ಅನ್ನುವುದೇ ತಪ್ಪು. ಯಂತ್ರ ಕಾಯೋದಿಲ್ಲ, ಬಿಸಿ ಮಾಡುತ್ತೆ.

ಉತ್ತರ 2, ಮತ್ತೆ

ತಮಿಳಿನದು ತಮಿಳಿಗೆ ಸರಿ. ಕನ್ನಡದಲ್ಲಿ ಕಾವು 'ಕೊಡುತ್ತೇವೆ', ಕಾವು 'ಸಾಲಲಿಲ್ಲ' ಅನ್ನುತ್ತೇವೆ, ಕಾವು 'ತಪ್ಪಿ' ಮೊಟ್ಟೆ ಕೆಡುತ್ತೆ. ಕಾವಲನ್ನು ಯಾರೂ ಮೊಟ್ಟೆಗೆ ಕೊಡುವುದಿಲ್ಲ. ಪತ್ರಿಕೆಯವರ 'ಚುನಾವಣೆ ಕಾವು' ಕೂಡ ಇದೇ ಬಿಸಿ.

ಗೊಂದಲ ಎಲ್ಲಿ ಹುಟ್ಟುತ್ತೆ ಅಂದರೆ, ನಮ್ಮಲ್ಲಿ ಎರಡು ಕಾಯ್ ಇವೆ, ಎರಡರ ರೂಪವೂ ಒಂದೇ. ಎಣ್ಣೆಯೂ ಕಾದಿದೆ, ನಾನೂ ಬಸ್ಸಿಗೆ ಕಾದಿದ್ದೇನೆ. ಹಾಲನ್ನೂ ಕಾಯಿಸುತ್ತೇವೆ, ಮನೆಗೆ ಬಂದವರನ್ನೂ ಕಾಯಿಸುತ್ತೇವೆ. ಎಲ್ಲಾ ಕಾವನ್ನೂ ಒಂದೇ ಬೇರಿಗೆ ಕಟ್ಟುವುದಾದರೆ 'ಕೊಡಲಿ ಕಾವು ಕುಲಕ್ಕೆ ಮೃತ್ಯು' ಗಾದೆಯ ಕಾವನ್ನೂ ಕಟ್ಟಿಬಿಡಿ. ಅದು ಬರೀ ಮರದ ಹಿಡಿ.

ಉತ್ತರ 3

ಗಾದೆ ಹೇಳಿದರೆ ವ್ಯುತ್ಪತ್ತಿ ಹೇಳಿದ ಹಾಗಾಗುವುದಿಲ್ಲ.

ಉತ್ತರ 4

ಇವರಿಬ್ಬರ ಜಗಳ ಮುಗಿಯುವಷ್ಟರಲ್ಲಿ ಒಂದು ಸುತ್ತು ಮರಿ ಬಂದಿರುತ್ತೆ. ಕೇಳಿದವರಿಗೆ ಉತ್ತರ ಕೊಡೋಣ. ಕೋಳಿ ಸಾಕಿದವರ ಮಾತು ಹೀಗಿದೆ. ಕೋಳಿ ಮೊಟ್ಟೆ ನಿಲ್ಲಿಸಿ, ಗೂಡು ಬಿಟ್ಟೇಳದೆ, ಹತ್ತಿರ ಹೋದರೆ ಗುರ್ ಅಂದರೆ 'ಕಾವಿಗೆ ಬಂದಿದೆ'. ಅದರ ಕೆಳಗೆ ಮೊಟ್ಟೆ ಜೋಡಿಸಿದರೆ 'ಕಾವಿಗೆ ಇಟ್ಟೆ', 'ಕಾವಿಗೆ ಕೂರಿಸಿದೆ'. 21 ದಿನ ಆದ ಮೇಲೆ 'ಮರಿಯಾಯ್ತು'. ಇಷ್ಟಕ್ಕೆ ನಾಯಿ, ಬೆಕ್ಕಿನ 'ಮರಿ ಹಾಕು' ತರಬೇಡಿ, ಕೋಳಿಗೆ ಅದು ಒಗ್ಗಲ್ಲ. ಅದು ಇಡುವುದು ಮೊಟ್ಟೆ, ಕೆಲವು ಕಡೆ ತತ್ತಿ.

ಮರಿಯಾದ ಮೇಲೂ ತಾಯಿ ರೆಕ್ಕೆ ಕೆಳಗೆ ಸೇರಿಸಿಕೊಂಡು ಕಾವು ಕೊಡುತ್ತೆ ಅನ್ನುವುದು ನಿಜ. ನಿಮ್ಮ ತೊಡಕು ಅಲ್ಲೇ ಇರುವುದು. ಹಾಗಾಗಿ ಬೋರ್ಡಿನಲ್ಲಿ ಬಿಸಿಯ ಹೆಸರು ಹೇಳಬೇಡಿ, ಒಳಗೆ ಏನಿದೆ ಅದನ್ನು ಹೇಳಿ. ಮೊದಲನೆಯದು 'ಮೊಟ್ಟೆ ಕಾವಿನ ಕೋಣೆ', ಎರಡನೆಯದು 'ಮರಿಯಾಗುವ ಕೋಣೆ', ಮೂರನೆಯದು 'ಎಳೆಮರಿ ಕೋಣೆ'. ಅಡಿಯಲ್ಲಿ ಸಣ್ಣದಾಗಿ ಸೆಟ್ಟರ್, ಹ್ಯಾಚರ್, ಬ್ರೂಡರ್ ಅಂತ ಕನ್ನಡದಲ್ಲೇ ಬರೆಸಿ. ಕೆಲಸದವರು ದಿನವಿಡೀ ಹೇಳುವುದು ಅದನ್ನೇ.

ಮುನ್ನುಡಿಗೆ ಒಂದೇ ಕ್ರಿಯಾಪದ ಹುಡುಕಬೇಡಿ. ತೆಲುಗಿನ 'ಪೊದುಗು' ಕೂಡ ಮರಿಯಾಗುವಲ್ಲಿಗೆ ನಿಲ್ಲುತ್ತೆ. ಕನ್ನಡಕ್ಕೆ ಜೋಡಿ ಒಗ್ಗುತ್ತೆ. 'ಸಾಕಿ ಸಲಹು' ನೋಡಿ: ಸಾಕು ಅಂದರೆ ಮೇವು, ನೀರು, ಖರ್ಚು. ಸಲಹು ಅಂದರೆ ಕೇಡು ತಟ್ಟದ ಹಾಗೆ ನೋಡಿಕೊಳ್ಳುವುದು. ಕೋಳಿ ಸಾಕಾಣಿಕೆ ಅನ್ನುತ್ತೇವೆ, ಕೋಳಿ ಸಲಹುವಿಕೆ ಅನ್ನಲ್ಲ, ಅಲ್ವಾ? ಮಾರುವ ಜೀವಕ್ಕೆ ಸಲಹು ಭಾರವಾಯಿತು. 'ಮರಿ ಮಾಡಿ ಸಾಕು' ಅಂತ ನೇರವಾಗಿ ಬರೆಯಿರಿ.

ಉತ್ತರ 1

ಸೆಟ್ಟರ್, ಹ್ಯಾಚರ್ ಅಂತ ಗೋಡೆ ಮೇಲೆ ಬರೆಸುವುದಾದರೆ ಅನುವಾದ ಯಾಕೆ? ಮನೆಬಾಗಿಲು ತೆಗೆದಿಟ್ಟು ಕಳ್ಳ ಬಂದ ಅಂದ ಹಾಗಾಯಿತು.

ಉತ್ತರ 4

ಚಾವಿ ಪೋರ್ಚುಗೀಸರದ್ದು ಸರ್, ಬಾಗಿಲು ಯಾವಾಗಲೋ ತೆಗೆದಿದೆ. ಪಾಲಿಸು ನೋಡಿ: ಸಂಸ್ಕೃತದಿಂದ ಬಂತು, ಮಕ್ಕಳನ್ನು ಬಿಟ್ಟು ನಿಯಮ ಪಾಲಿಸುವ ಕಡೆ ಹೋಯಿತು. ಪೋಷಕರು ಶಾಲೆಯ ಮೀಟಿಂಗಿಗೆ ಹೋದರು. ಯಾರೂ ಓಡಿಸಲಿಲ್ಲ, ಬಳಸುವವರು ಜಾಗ ತೋರಿಸಿದರು. ಹ್ಯಾಚರ್ ಕೂಡ ತನ್ನ ಜಾಗದಲ್ಲಿ ಇರಲಿ.

ಕೇಳಿದವರು

ತುಂಬಾ ಉಪಕಾರ. 'ಎಳೆಮರಿ ಕೋಣೆ' ಎಲ್ಲರಿಗೂ ಹಿಡಿಸಿತು. 'ಮರಿಯಾಗುವ ಕೋಣೆ' ಹಲಗೆಯಲ್ಲಿ ಹಿಡಿಸಲಿಲ್ಲ. ಅಗಲ ಕಡಿಮೆ, ಆದ್ದರಿಂದ 'ಮರಿ ಕೋಣೆ' ಅಂತ ಮಾಡಿದ್ದೇನೆ. ಮೂರನೇ ಬಾಗಿಲಿನ 'ಎಳೆಮರಿ'ಗೂ ಇದಕ್ಕೂ ಗೊಂದಲ ಆಗುತ್ತಾ ಅನ್ನುವ ಅನುಮಾನ ಇದೆ.

ಉತ್ತರ 4

ಖಂಡಿತ ಆಗುತ್ತೆ. ಹಲಗೆ ಬದಲಾಯಿಸಿ, ಪದ ಬೇಡ. ಇಲ್ಲಾಂದ್ರೆ ಎರಡು ಸಾಲಾಗಿ ಬರೆಸಿ.

ಉತ್ತರ 3

ಮೊದಲ ಬಾಗಿಲಲ್ಲಿ 'ಕಾವು' ಹಾಗೇ ಉಳಿದಿದೆಯಲ್ಲ, ಅದಕ್ಕೆ ನನ್ನ ಆಕ್ಷೇಪ ಇದ್ದೇ ಇದೆ.